ಸಹಸ್ರಚಂದ್ರ ದರ್ಶನದ ವಿಡಿಯೋ ತೆರೀತಿಲ್ಲ, ‘ಮೂವ್ ಆಟಮ್ ನಾಟ್ ಫೌಂಡ್’ ಅಂತಿದೆ. ದಯವಿಟ್ಟು ಯಾರಾದ್ರೂ ನೋಡಿ

ಹನುಮಂತನಗರದ ಮೊಮ್ಮಗ · ಭಾನುವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಇವತ್ತು ಮನೇಲಿ ಅಜ್ಜನ ಸಹಸ್ರಚಂದ್ರ ದರ್ಶನ ಶಾಂತಿ ಇತ್ತು. ಅಮೆರಿಕದಲ್ಲಿರೋ ಚಿಕ್ಕಪ್ಪನಿಗೆ ಲೈವ್ ತೋರಿಸೋಣ ಅಂತ ಕ್ಯಾಮೆರಾನ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಓಬಿಎಸ್ ಅನ್ನೋ ರೆಕಾರ್ಡಿಂಗ್ ತಂತ್ರಾಂಶದಲ್ಲಿ ರೆಕಾರ್ಡಿಂಗೂ ಒತ್ತಿದ್ದೆ. ಲ್ಯಾಪ್‌ಟಾಪ್ ಬ್ಯಾಟರಿ ಸತ್ತು ವರ್ಷ ಆಗಿದೆ, ಚಾರ್ಜರ್ ಕಿತ್ತರೆ ಅಲ್ಲಿಗೇ ಆಫ್. ಆಶೀರ್ವಾದ ನಡೀತಿರೋವಾಗ ಅಡುಗೆಯವರು ಹೂರಣ ರುಬ್ಬೋಕೆ ಅಂತ ಎಕ್ಸ್‌ಟೆನ್ಷನ್ ಬಾಕ್ಸ್‌ನಿಂದ ನನ್ನ ಚಾರ್ಜರ್ ಕಿತ್ತು ಗ್ರೈಂಡರ್ ಹಾಕಿಬಿಟ್ಟರು.

ಫೈಲ್ ಇದೆ. 3.4 ಜಿಬಿ. ವಿಎಲ್‌ಸಿಯಲ್ಲಿ ತೆರೆಯಲ್ಲ. ಕಮಾಂಡ್ ಕೊಟ್ಟು ವಿಡಿಯೋ ಪರಿವರ್ತಿಸೋ ಎಫ್‌ಎಫ್‌ಎಂಪೆಗ್‌ಗೆ ಕೊಟ್ರೆ ‘ಮೂವ್ ಆಟಮ್ ನಾಟ್ ಫೌಂಡ್’, ಅದರ ಕೆಳಗೆ ‘ಇನ್‌ವ್ಯಾಲಿಡ್ ಡೇಟಾ ಫೌಂಡ್’ ಅಂತ ಎರಡೇ ಸಾಲು. ನಾಳೆ ಬೆಳಿಗ್ಗೆ ಕಾಫಿ ಹೊತ್ತಿಗೆ ಅಜ್ಜ ವಿಡಿಯೋ ಕೇಳ್ತಾರೆ. ಏನಾದ್ರೂ ದಾರಿ ಇದೆಯಾ?

ಬೈಟು ಕಾಫಿ · 10:46

ಹೋಳಿಗೆ ಹೇಗಿತ್ತು?

ಹನುಮಂತನಗರದ ಮೊಮ್ಮಗ · 10:47

ತಿನ್ನೋ ಮನಸ್ಸಿರಲಿಲ್ಲ ಗುರೂ.

ಟರ್ಮಿನಲ್ ತಾತ · 11:05

ಮೊದಲು ಆ ಫೈಲನ್ನ ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡಿಡಪ್ಪ. ಮೂಲ ಮುಟ್ಟಬೇಡ. ಆಮೇಲೆ ಗಾಬರಿ ಬಿಡು, ಇದು ಸತ್ತಿರೋ ಫೈಲ್ ಅಲ್ಲ, ಹೆಸರು ಮರೆತಿರೋ ಫೈಲ್.

ಎಂಪಿ4 ಅನ್ನೋದು ಡಬ್ಬಿಯೊಳಗೆ ಡಬ್ಬಿ. ‘ಎಂಡ್ಯಾಟ್’ ಅನ್ನೋ ಡಬ್ಬಿಯಲ್ಲಿ ಚಿತ್ರ, ಶಬ್ದ ಎಲ್ಲ ಒಂದರ ಹಿಂದೆ ಒಂದು ಸುರಿದಿರತ್ತೆ. ಯಾವ ಫ್ರೇಮ್ ಎಷ್ಟನೇ ಬೈಟ್‌ನಲ್ಲಿ ಶುರು, ಎಷ್ಟು ಉದ್ದ, ಯಾವ ಕೋಡೆಕ್ (ವಿಡಿಯೋ, ಶಬ್ದ ಕುಗ್ಗಿಸೋ ವಿಧಾನ) ಅನ್ನೋ ಲೆಕ್ಕಪುಸ್ತಕವೇ ‘ಮೂವ್’. ಸಾಮಾನ್ಯ ಎಂಪಿ4ನಲ್ಲಿ ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ ಅದನ್ನ ಬರೀತಾರೆ, ಯಾಕಂದ್ರೆ ಎಷ್ಟು ಫ್ರೇಮ್ ಬಂತು ಅಂತ ಗೊತ್ತಾಗೋದೇ ಆಗ. ನಿನ್ನ ಅಡುಗೆಯವರು ಲೆಕ್ಕ ಬರೆಯೋಕೆ ಮುಂಚೆ ಅಂಗಡಿ ಬಾಗಿಲು ಹಾಕಿಸಿದ್ದಾರೆ. ಸಾಮಾನೆಲ್ಲ ಒಳಗೇ ಇದೆ.

ಒಂದು ಕೆಲಸ ಮಾಡು. ಬೈಟ್‌ಗಳನ್ನ ಹಾಗೇ ತೋರಿಸೋ ಎಕ್ಸ್‌ಎಕ್ಸ್‌ಡಿ ಹಾಕಿ ಫೈಲಿನ ಮೊದಲ ನಾಲ್ಕೈದು ಸಾಲು ನೋಡಿ, ಬಲಗಡೆ ಅಂಚಿನಲ್ಲಿ ಯಾವ ಅಕ್ಷರ ಕಾಣತ್ತೆ ಹೇಳು.

ಹನುಮಂತನಗರದ ಮೊಮ್ಮಗ · 11:19

‘ಎಫ್‌ಟಿವೈಪಿ’, ‘ಐಸಾಮ್’, ಸ್ವಲ್ಪ ಮುಂದೆ ‘ಫ್ರೀ’, ಆಮೇಲೆ ‘ಎಂಡ್ಯಾಟ್’. ಅದಾದ ಮೇಲೆ ಬರೀ ಕಸ.

ಟರ್ಮಿನಲ್ ತಾತ · 11:24

ಆ ಕಸವೇ ನಿಮ್ಮಜ್ಜ. ಎಲ್ಲ ಸೊನ್ನೆ ಇದ್ದಿದ್ರೆ ನಾನೂ ಕೈ ಎತ್ತುತ್ತಿದ್ದೆ.

ಈಗ ಅದೇ ಲ್ಯಾಪ್‌ಟಾಪ್, ಅದೇ ಕ್ಯಾಮೆರಾ, ಅದೇ ಓಬಿಎಸ್ ಸೆಟ್ಟಿಂಗ್, ಒಂದನ್ನೂ ಬದಲಾಯಿಸದೆ ಎರಡು ನಿಮಿಷ ಗೋಡೆಯನ್ನಾದ್ರೂ ರೆಕಾರ್ಡ್ ಮಾಡಿ ಸರಿಯಾಗಿ ನಿಲ್ಲಿಸು. ಅದು ಮಾದರಿ ಫೈಲ್. ‘ಅನ್‌ಟ್ರಂಕ್’ ಅಂತ ಒಂದು ಉಪಕರಣ ಇದೆ. ಅದಕ್ಕೆ ಮೊದಲು ಮಾದರಿ, ಆಮೇಲೆ ಕೆಟ್ಟ ಫೈಲ್ ಕೊಟ್ರೆ, ಮಾದರಿಯ ಮೂವ್ ನೋಡಿಕೊಂಡು ಕೆಟ್ಟದ್ದರಲ್ಲಿ ಫ್ರೇಮ್‌ಗಳನ್ನ ಹುಡುಕಿ ಹೊಸ ಲೆಕ್ಕ ಬರೆಯತ್ತೆ. ಎಫ್‌ಎಫ್‌ಎಂಪೆಗ್‌ಗೆ ಈ ಕೆಲಸ ಬರಲ್ಲ. ಅಂತರ್ಜಾಲದಲ್ಲಿ ‘ಮೈನಸ್ ಸಿ ಕಾಪಿ ಹಾಕಿ ರಿಪೇರಿ ಮಾಡಿ’ ಅಂತ ಬರೆದವರು ಈ ದೋಷವನ್ನ ಕಣ್ಣಾರೆ ಕಂಡಿಲ್ಲ. ಓದೋಕೇ ಆಗದ ಫೈಲನ್ನ ಕಾಪಿ ಮಾಡೋದು ಹೇಗೆ?

ನೀನು ಬಿಟ್‌ರೇಟ್ 5000 ಕೆಬಿಪಿಎಸ್ ಇಟ್ಟಿದ್ರೆ 3.4 ಜಿಬಿಗೆ ಹೆಚ್ಚುಕಮ್ಮಿ ಒಂದೂವರೆ ಗಂಟೆ ಬರಬೇಕು. ಅದಕ್ಕಿಂತ ತುಂಬ ಕಮ್ಮಿ ಬಂದ್ರೆ ಹೇಳು.

ಹನುಮಂತನಗರದ ಮೊಮ್ಮಗ · ಸೋಮವಾರ ನಸುಕು 1:52

ಬಂತು!!! 1 ಗಂಟೆ 27 ನಿಮಿಷ. ಫೈಲ್ ಹೆಸರಿನ ಕೊನೆಗೆ ‘ಫಿಕ್ಸ್ಡ್’ ಅಂತ ಸೇರಿಸಿಕೊಂಡು ಹೊಸದು ಬಂದಿದೆ. ಕೊನೆಯ ಫ್ರೇಮ್‌ನಲ್ಲಿ ಅಡುಗೆಯವರ ಕೈ ಚಾರ್ಜರ್ ಹತ್ತಿರ ಹೋಗ್ತಿರೋದು ಸ್ಪಷ್ಟವಾಗಿ ಕಾಣತ್ತೆ. ತಾತ, ನಿಮಗೆ ಒಂದು ಡಬ್ಬಿ ಹೋಳಿಗೆ.

ಎಡಿಟ್ ಅಕ್ಕ · ಸೋಮವಾರ ಬೆಳಿಗ್ಗೆ 9:10

ರಾಜಾಜಿನಗರದಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡ್ತೀನಿ, ವಾರಕ್ಕೊಬ್ಬರು ಇದೇ ಕಣ್ಣೀರು ಹಿಡ್ಕೊಂಡು ಬರ್ತಾರೆ. ಮುಂದಿನ ಸಲ ಓಬಿಎಸ್‌ನಲ್ಲಿ ಎಂಪಿ4 ಬದಲು ಎಂಕೆವಿ ಅನ್ನೋ ಫೈಲ್ ಮಾದರಿಯಲ್ಲಿ ರೆಕಾರ್ಡ್ ಮಾಡಿ. ಮಧ್ಯದಲ್ಲಿ ನಿಂತ್ರೂ ಅಲ್ಲಿವರೆಗಿನದು ತೆರೆಯತ್ತೆ. ಆಮೇಲೆ ಅದರ ಮೆನುವಿನಲ್ಲೇ ರೀಮಕ್ಸ್ ಅಂತ ಇದೆ, ಎಂಪಿ4 ಮಾಡ್ಕೊಳ್ಳಿ, ಗುಣಮಟ್ಟ ಕೂದಲಷ್ಟೂ ಕಮ್ಮಿ ಆಗಲ್ಲ. ಹೊಸ ಆವೃತ್ತಿಗಳಲ್ಲಿ ಹೈಬ್ರಿಡ್ ಎಂಪಿ4 ಅಂತಲೂ ಬಂದಿದೆ.

ಮತ್ತೆ ‘ಫಾಸ್ಟ್‌ಸ್ಟಾರ್ಟ್’ ಹಾಕಿದ್ರೆ ಈ ತೊಂದರೆ ಬರಲ್ಲ ಅಂತ ಕೆಲವರು ಹೇಳ್ತಾರೆ, ನಂಬಬೇಡಿ. ಅದು ಎಲ್ಲ ಮುಗಿದ ಮೇಲೆ ಮೂವ್‌ನ ಕೊನೆಯಿಂದ ಎತ್ತಿ ಮುಂದಕ್ಕೆ ತಂದಿಡತ್ತೆ ಅಷ್ಟೆ. ವೆಬ್‌ನಲ್ಲಿ ಬೇಗ ಶುರುವಾಗೋಕೆ ಒಳ್ಳೇದು. ಕರೆಂಟ್ ಹೋದಾಗ ಅಲ್ಲ.

ಹನುಮಂತನಗರದ ಮೊಮ್ಮಗ · 11:30

ಅಕ್ಕ, ಇನ್ನೊಂದು. ಚಾರ್ಜರ್ ಕಿತ್ತ ಮೇಲೆ ಆದ ಆಶೀರ್ವಾದನ ಮಾವ ಫೋನಿನಲ್ಲಿ ತೆಗೆದಿದ್ದಾರೆ, ಅದೂ ಫೋನನ್ನ ಉದ್ದುದ್ದ ಹಿಡಿದು. ಎರಡನ್ನೂ ಜೋಡಿಸೋಕೆ ಹೋದೆ. ಎಫ್‌ಎಫ್‌ಎಂಪೆಗ್‌ನಲ್ಲಿ ಫೈಲ್ ಜೋಡಿಸೋ ಕಾನ್‌ಕ್ಯಾಟ್‌ಗೆ ಹೆಸರಿನ ಪಟ್ಟಿ ಕೊಟ್ಟೆ, ‘ಅನ್‌ಸೇಫ್ ಫೈಲ್ ನೇಮ್’ ಅಂತು. ನನ್ನ ಫೈಲ್ ಹೆಸರಲ್ಲಿ ಅಪಾಯ ಏನಿದೆ? ‘ಅಜ್ಜ_1’ ಅಂತ ಇಟ್ಟಿದ್ದೀನಿ ಅಷ್ಟೆ. ಹೇಗೋ ಅದನ್ನ ದಾಟಿದ್ರೆ ‘ನಾನ್ ಮೊನೊಟೋನಸ್ ಡಿಟಿಎಸ್’ ಅಂತ ಹಳದಿ ಸಾಲುಗಳು ಸಾವಿರಗಟ್ಟಲೆ. ಫೈಲ್ ಬಂತು, ಆದ್ರೆ ಮಾವನ ಭಾಗದಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ.

ಟರ್ಮಿನಲ್ ತಾತ · 12:15

ಅಪಾಯ ಇರೋದು ಕನ್ನಡದಲ್ಲೇ. ಕಾನ್‌ಕ್ಯಾಟ್ ಡಿಮಕ್ಸರ್ ಕಣ್ಣಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ, ಅಡಿಗೆರೆ, ಅಡ್ಡಗೆರೆ ಬಿಟ್ಟು ಮಿಕ್ಕಿದ್ದೆಲ್ಲ ಅನ್‌ಸೇಫ್. ಹೆಸರಿನ ನಡುವೆ ಖಾಲಿ ಜಾಗ ಇದ್ರೂ ಅಷ್ಟೇ. ಇನ್‌ಪುಟ್‌ಗೆ ಮುಂಚೆ ‘ಮೈನಸ್ ಸೇಫ್ ಸೊನ್ನೆ’ ಹಾಕು, ಬಾಯಿ ಮುಚ್ಚಿಕೊಳ್ಳತ್ತೆ. ಇನ್‌ಪುಟ್‌ಗೆ ಮುಂಚೆ ಅಂದೆ, ಗಮನಿಸು. ಈ ಎಫ್‌ಎಫ್‌ಎಂಪೆಗ್‌ನಲ್ಲಿ ಸಾಮಾನ್ಯವಾಗಿ ಆಯ್ಕೆ ತನ್ನ ಮುಂದೆ ಬರೋ ಫೈಲಿಗೆ ಸೇರಿದ್ದು. ಜಾಗ ತಪ್ಪಿದ್ರೆ ಅರ್ಥವೇ ಬೇರೆ, ಇಲ್ಲಾ ದೋಷ.

ಡಿಟಿಎಸ್ ಸಂಗತಿ ಬೇರೆ. ಡಿಟಿಎಸ್ ಅಂದ್ರೆ ಆ ಪ್ಯಾಕೆಟ್‌ನ ಯಾವಾಗ ಡಿಕೋಡ್ ಮಾಡಬೇಕು ಅನ್ನೋ ಗಂಟೆ. ಅದು ಯಾವಾಗ್ಲೂ ಏರ್ತಾ ಹೋಗಬೇಕು. ನೀನು ‘ಕಾಪಿ’ ಹಾಕಿ, ಅಂದ್ರೆ ಮತ್ತೆ ಎನ್‌ಕೋಡ್ ಮಾಡದೆ, ಎರಡು ಬೇರೆ ಗಡಿಯಾರದ ಫೈಲ್‌ಗಳನ್ನ ಅಂಟಿಸಿದ್ದೀಯ. ಓಬಿಎಸ್‌ನದ್ದು ಸೆಕೆಂಡಿಗೆ ಸರಿಯಾಗಿ 30 ಫ್ರೇಮ್. ಫೋನು ಬೆಳಕು ಕಮ್ಮಿ ಆದ್ರೆ ನಿಧಾನ, ಜಾಸ್ತಿ ಆದ್ರೆ ಜೋರು, ಅದರ ಫ್ರೇಮ್‌ರೇಟ್ ನಮ್ಮ ಆಟೋ ಮೀಟರ್ ಇದ್ದಂಗೆ. ಮಧ್ಯೆ ಟೈಮ್‌ಬೇಸೂ (ಕಾಲ ಅಳೆಯೋ ಏಕಮಾನ) ಬೇರೆ, ಕೋಡೆಕ್ಕೂ ಬೇರೆ ಇರಬೇಕು. ಮಾವನ ಫೋನ್ ಫೈಲಿಗೆ, ಒಳಗಿನ ವಿವರ ತೋರಿಸೋ ಎಫ್‌ಎಫ್‌ಪ್ರೋಬ್ ಹಾಕಿ ನೋಡು.

ಹನುಮಂತನಗರದ ಮೊಮ್ಮಗ · 12:40

ಎಚ್‌ಇವಿಸಿ, ರೊಟೇಷನ್ ಮೈನಸ್ 90, ಮತ್ತೆ ‘ವೈಯುವಿ420ಪಿ10ಎಲ್‌ಇ’ ಅಂತೇನೋ ಇದೆ. ಓಬಿಎಸ್‌ನದ್ದು ಎಚ್.264, ಬರೀ ‘ವೈಯುವಿ420ಪಿ’.

ಟರ್ಮಿನಲ್ ತಾತ · 12:58

ಹಾಗಾದ್ರೆ ಇವೆರಡು ಕಾಪಿಯಲ್ಲಿ ಕೂಡೋ ಜಾತಕ ಅಲ್ಲ. ಮಾವನ ಕ್ಲಿಪ್ಪನ್ನ ಮೊದಲು ಓಬಿಎಸ್ ಅಚ್ಚಿಗೆ ಮತ್ತೆ ಎನ್‌ಕೋಡ್ ಮಾಡಲೇಬೇಕು. ಫಿಲ್ಟರ್‌ನಲ್ಲಿ ‘ಸ್ಕೇಲ್ 1920:1080’, ಜೊತೆಗೆ ‘ಫೋರ್ಸ್ ಒರಿಜಿನಲ್ ಆಸ್ಪೆಕ್ಟ್ ರೇಷಿಯೋ ಡಿಕ್ರೀಸ್’, ಅಲ್ಪವಿರಾಮ, ಮಿಕ್ಕ ಜಾಗಕ್ಕೆ ಕಪ್ಪು ತುಂಬೋಕೆ ‘ಪ್ಯಾಡ್ 1920:1080’, ನಡುವೆ ಕೂರಿಸೋಕೆ ‘ಮೈನಸ್ ಒಂದು’ ಎರಡು ಸಲ, ‘ಸೆಟ್‌ಸಾರ್ 1’, ‘ಎಫ್‌ಪಿಎಸ್ 30’. ಶಬ್ದಕ್ಕೆ 48000 ಹರ್ಟ್ಸ್, ಎರಡು ಚಾನೆಲ್. ತಿರುಗಿಸೋದನ್ನ ಅದೇ ನೋಡಿಕೊಳ್ಳತ್ತೆ, ನೀನು ಟ್ರಾನ್ಸ್‌ಪೋಸ್ ಹಾಕಿದ್ರೆ ಎರಡು ಸಲ ತಿರುಗಿ ಮಾವ ಮಲಗಿಬಿಡ್ತಾರೆ. ಪಿಕ್ಸೆಲ್ ಫಾರ್ಮ್ಯಾಟ್ ವೈಯುವಿ420ಪಿ ಹಾಕೋದು ಮರೀಬೇಡ.

ಕಮಾಂಡನ್ನ ಬೇಕಂತಲೇ ಹೀಗೆ ಕನ್ನಡದಲ್ಲಿ ಬಾಯಿಮಾತಿನಂಗೆ ಬರೆದಿದ್ದೀನಿ. ಕಾಪಿ ಹೊಡೆಯೋಕೆ ಆಗಬಾರದು. ಕೈಯಲ್ಲಿ ಟೈಪ್ ಮಾಡು.

ವಿಂಡೋಸ್ ವಾಸಿ · 1:20

ತಾತ ಯಾಕೆ ಹಾಗಂತಾರೆ ಅಂತ ನನಗೆ ಗೊತ್ತು, ನಾನೇ ಆ ಕೇಸು 😅 ಕಳೆದ ತಿಂಗಳು ಸ್ನೇಹಿತ ವಾಟ್ಸಾಪ್‌ನಲ್ಲಿ ಒಂದು ಕಮಾಂಡ್ ಕಳಿಸಿದ. ಹಾಗೇ ಅಂಟಿಸಿದೆ. ‘ಅನೇಬಲ್ ಟು ಚೂಸ್ ಆ್ಯನ್ ಔಟ್‌ಪುಟ್ ಫಾರ್ಮ್ಯಾಟ್’ ಅಂತು, ಯಾವುದಕ್ಕೆ ಅಂದ್ರೆ ‘ಸಿ ಕೋಲನ್ ವಿ’ಗೆ. ಎರಡು ಸಂಜೆ ಹಾಳು. ಕೊನೆಗೆ ಗೊತ್ತಾಗಿದ್ದು, ದಾರಿಯಲ್ಲಿ ಎಲ್ಲೋ ಮೈನಸ್ ಗೆರೆ ಉದ್ದ ಗೆರೆಯಾಗಿ, ನೆಟ್ಟಗಿದ್ದ ಉದ್ಧರಣ ಚಿಹ್ನೆ ಡೊಂಕಾಗಿತ್ತು. ಉದ್ದ ಗೆರೆ ಇದ್ದಿದ್ದಕ್ಕೆ ಅದು ಆಯ್ಕೆ ಅಂತ ತಿಳ್ಕೊಳ್ಳದೆ ನಾನು ಕೊಟ್ಟಿರೋ ಫೈಲ್ ಹೆಸರು ಅಂದ್ಕೊಂಡಿದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣತ್ತೆ, ಕರ್ಮ.

ಬೈಟು ಕಾಫಿ · 1:24

ನಂದೊಂದು ಚಿಕ್ಕದು. ಸ್ಕ್ರೀನ್ ರೆಕಾರ್ಡಿಂಗ್‌ನ ಕನ್ವರ್ಟ್ ಮಾಡಿದ್ರೆ ‘ವಿಡ್ತ್ ನಾಟ್ ಡಿವಿಸಿಬಲ್ ಬೈ 2’ ಅಂತ 1365×768 ತೋರಿಸತ್ತೆ. ಒಂದು ಪಿಕ್ಸೆಲ್‌ಗೆ ಇಷ್ಟು ಜಗಳಾನಾ?

ಎಡಿಟ್ ಅಕ್ಕ · 1:31

420 ಮಾದರಿಯಲ್ಲಿ ಬಣ್ಣದ ಮಾಹಿತಿ ಪ್ರತಿ ಪಿಕ್ಸೆಲ್‌ಗೂ ಇರಲ್ಲ, ಎರಡಕ್ಕೆರಡರ ನಾಲ್ಕು ಪಿಕ್ಸೆಲ್‌ಗೆ ಒಂದು. ಬೆಸ ಸಂಖ್ಯೆ ಬಂದ್ರೆ ಕೊನೆಯ ಸಾಲಿಗೆ ಜೊತೆ ಸಿಗಲ್ಲ. ಸ್ಕೇಲ್‌ನಲ್ಲಿ ಅಗಲ 1280 ಕೊಟ್ಟು ಎತ್ತರಕ್ಕೆ ಮೈನಸ್ 2 ಕೊಡಿ, ಅದೇ ಸಮ ಸಂಖ್ಯೆ ಹುಡುಕ್ಕೊಳ್ಳತ್ತೆ. ಮೈನಸ್ 1 ಕೊಟ್ರೆ ಮತ್ತೆ ಬೆಸ ಬರಬಹುದು.

ಕ್ಯಾಸೆಟ್ ಕಾಲದವಳು · ಸೋಮವಾರ ಸಂಜೆ 6:45

ಈ ಎಳೆ ಚೆನ್ನಾಗಿ ನಡೀತಿದೆ, ನನ್ನದೂ ಹಾಕಿಬಿಡ್ತೀನಿ. ನಮ್ಮಪ್ಪ ಚಾಮರಾಜಪೇಟೆಯ ಸುತ್ತಮುತ್ತ ಆಗ್ತಿದ್ದ ಹರಿಕಥೆಗಳನ್ನ ಕ್ಯಾಸೆಟ್‌ನಲ್ಲಿ ತುಂಬಿಸಿಟ್ಟಿದ್ರು. 64 ಕ್ಯಾಸೆಟ್. ಎಲ್ಲ ವೇವ್ ಮಾಡಿದೆ, ಎಂಪಿ3 ಮಾಡೋಕೆ ಬ್ಯಾಶ್‌ನಲ್ಲಿ ಪಟ್ಟಿಯಿಂದ ಒಂದೊಂದೇ ಫೈಲ್ ಹೆಸರು ಓದೋ ‘ವೈಲ್ ರೀಡ್’ ಲೂಪ್ ಬರೆದೆ. ಮೊದಲನೇದು ಸರಿಯಾಗಿ ಆಗತ್ತೆ. ಎರಡನೇದರಿಂದ ‘ನೋ ಸಚ್ ಫೈಲ್’. ನೋಡಿದ್ರೆ ಹೆಸರಿನ ತಲೆಯೇ ಇಲ್ಲ! ‘ಹರಿಕಥೆ_02’ ಇರಬೇಕಾದ ಕಡೆ ಎರಡು ಪ್ರಶ್ನಾರ್ಥಕ ಡಬ್ಬಿ, ಆಮೇಲೆ ‘ಕಥೆ_02’. ಇನ್ನೊಂದು ಸಲ ಓಡಿಸಿದ್ರೆ ಬೇರೆ ಅಕ್ಷರ ಮಾಯ. ಹಾರ್ಡ್ ಡಿಸ್ಕ್ ಹೋಯ್ತು ಅಂತ ಎಸ್.ಪಿ. ರೋಡಿಗೆ ಹೋಗಿ ಹೊಸದು ತಂದೂ ಆಯ್ತು. ಅದರಲ್ಲೂ ಇದೇ.

ಟರ್ಮಿನಲ್ ತಾತ · 7:30

ಅಯ್ಯೋ ತಾಯಿ, ದುಡ್ಡು ಕೊಡೋಕೆ ಮುಂಚೆ ಇಲ್ಲಿ ಬರೀಬಾರದಿತ್ತಾ.

ಡಿಸ್ಕ್ ಚೆನ್ನಾಗಿದೆ. ಎಫ್‌ಎಫ್‌ಎಂಪೆಗ್ ಓಡ್ತಿರೋವಾಗ ಕೀಬೋರ್ಡಿಗೆ ಕಿವಿ ಕೊಟ್ಟಿರತ್ತೆ, ಕ್ಯೂ ಒತ್ತಿದ್ರೆ ನಿಲ್ಲೋದು ಅದಕ್ಕೇ. ನಿಮ್ಮ ಲೂಪ್‌ನಲ್ಲಿ ಕೀಬೋರ್ಡಿನ ಜಾಗದಲ್ಲಿ ಕೂತಿರೋದು ಫೈಲ್ ಹೆಸರುಗಳ ಪಟ್ಟಿ. ಅದು ಪಟ್ಟಿಯಿಂದ ಒಂದಷ್ಟು ಬೈಟ್ ನುಂಗಿಬಿಡತ್ತೆ, ಉಳಿದ ಎಂಜಲು ನಿಮ್ಮ ‘ರೀಡ್’ಗೆ. ಯೂನಿಕೋಡ್‌ನಲ್ಲಿ, ಅಂದ್ರೆ ಯುಟಿಎಫ್-8ರಲ್ಲಿ, ಒಂದು ಕನ್ನಡ ಚಿಹ್ನೆಗೆ ಮೂರು ಬೈಟ್. ‘ರಿ’ ಅನ್ನೋದಕ್ಕೆ ‘ರ’ ಮೂರು, ಗುಡಿಸು ಮೂರು, ಒಟ್ಟು ಆರು. ನುಂಗಿದ್ದು ಮೂರರ ಲೆಕ್ಕಕ್ಕೆ ಸರಿಹೋಗದಿದ್ರೆ ಅರ್ಧ ಕಚ್ಚಿದ ಅಕ್ಷರ ಉಳಿದು ಡಬ್ಬಿ ಕಾಣತ್ತೆ.

‘ಮೈನಸ್ ನೋಸ್ಟ್‌ಡಿಇನ್’ ಅಂತ ಒಂದು ಪದ ಸೇರಿಸಿ. ಅಷ್ಟೆ.

ಕ್ಯಾಸೆಟ್ ಕಾಲದವಳು · 9:15

64ಕ್ಕೆ 64 ಆಯ್ತು ಸರ್. ಒಂದು ಪದಕ್ಕೆ ಒಂದು ಹಾರ್ಡ್ ಡಿಸ್ಕ್ ಖರ್ಚು. ಇರಲಿ, ಬ್ಯಾಕಪ್ ಆಯ್ತು ಅಂದ್ಕೋತೀನಿ.

ಇನ್ನೊಂದು ಸಣ್ಣ ಪ್ರಶ್ನೆ. ಧ್ವನಿ ಒಂದರಲ್ಲಿ ಜೋರು, ಇನ್ನೊಂದರಲ್ಲಿ ಮೆತ್ತಗಿತ್ತು ಅಂತ ಕೆಲವಕ್ಕೆ ‘ಲೌಡ್‌ನಾರ್ಮ್’ ಹಾಕಿ ವೇವ್‌ನಲ್ಲೇ ಉಳಿಸಿದೆ. ಕೇಳೋಕೆ ಚೆನ್ನಾಗಿದೆ, ಆದ್ರೆ ಫೈಲ್ ನಾಲ್ಕು ಪಟ್ಟು ದಪ್ಪ ಆಗಿದೆ. ಅಣ್ಣನ ಕಾರಿನ ಸ್ಟೀರಿಯೋದಲ್ಲಿ ಓಡೋದೇ ಇಲ್ಲ.

ಎಡಿಟ್ ಅಕ್ಕ · 9:28

ಲೌಡ್‌ನಾರ್ಮ್ ಒಳಗೆ ಶಿಖರಗಳನ್ನ ಸರಿಯಾಗಿ ಅಳೆಯೋಕೆ ಅಂತ ಶಬ್ದವನ್ನ 192000 ಹರ್ಟ್ಸ್‌ಗೆ ಏರಿಸತ್ತೆ, ಇಳಿಸೋದು ನಮ್ಮ ಜವಾಬ್ದಾರಿ. ಔಟ್‌ಪುಟ್‌ಗೆ ಮುಂಚೆ ‘ಮೈನಸ್ ಎಆರ್ 48000’ ಹಾಕಿ. 48000ದ ನಾಲ್ಕರಷ್ಟು 192000 ಅಲ್ವಾ, ನಿಮ್ಮ ನಾಲ್ಕು ಪಟ್ಟು ಬಂದಿದ್ದು ಅಲ್ಲಿಂದಲೇ.

ಒತ್ತಕ್ಷರ ಪ್ರೇಮಿ · ಮಂಗಳವಾರ ಬೆಳಿಗ್ಗೆ 8:05

ಮೊಮ್ಮಗ, ವಿಡಿಯೋ ಮೇಲೆ ಕನ್ನಡದಲ್ಲಿ ಶೀರ್ಷಿಕೆ ಹಾಕ್ತಿದ್ದೀರಾ? ಹಾಕೋದಾದ್ರೆ ಈಗಲೇ ಎಚ್ಚರ.

ಹನುಮಂತನಗರದ ಮೊಮ್ಮಗ · 8:20

ನಿನ್ನೆ ರಾತ್ರಿಯೇ ಹಾಕಿದೆ ಸರ್. ಡ್ರಾಟೆಕ್ಸ್ಟ್‌ನಲ್ಲಿ. ಬಂದಿದ್ದು ಇದು: ‘ಸಹಸ್‌ರಚಂದ್‌ರ ದರ್‌ಶನ’. ಅಜ್ಜಿ ನೋಡಿ ‘ಇದ್ಯಾವ ಭಾಷೆನೋ’ ಅಂದ್ರು.

ಒತ್ತಕ್ಷರ ಪ್ರೇಮಿ · 8:50

ನಿರೀಕ್ಷಿಸಿದ್ದೇ. ಫಾಂಟ್ ತಪ್ಪಲ್ಲ. ಫಾಂಟ್‌ನೊಳಗೆ ಒತ್ತು ಇದೆ, ಆದ್ರೆ ‘ಸ’, ಹಲಂತ, ‘ರ’ ಈ ಮೂರೂ ಸೇರಿದ್ರೆ ‘ಸ್ರ’ ಚಿತ್ರ ಎತ್ತಿಕೋ ಅಂತ ಹೇಳೋರು ಬೇಕು. ಆ ಕೆಲಸ ಹಾರ್ಫ್‌ಬಝ್‌ದು. ಹಳೆಯ ಎಫ್‌ಎಫ್‌ಎಂಪೆಗ್‌ನ ಡ್ರಾಟೆಕ್ಸ್ಟ್ ಅದನ್ನ ಕೇಳೋದೇ ಇಲ್ಲ, ಅಕ್ಷರಗಳನ್ನ ಒಂದರ ಪಕ್ಕ ಒಂದು ಮೊಳೆ ಜೋಡಿಸಿದಂಗೆ ಜೋಡಿಸತ್ತೆ. ಇಂಗ್ಲಿಷಿಗೆ ಸಾಕು, ನಮಗಲ್ಲ. ಹೊಸ ಆವೃತ್ತಿಗಳಲ್ಲಿ ಡ್ರಾಟೆಕ್ಸ್ಟ್‌ಗೆ ಹಾರ್ಫ್‌ಬಝ್ ಕಡ್ಡಾಯ ಮಾಡಿದ್ದಾರೆ. ಹಳೆಯದೇ ಇಟ್ಕೊಂಡಿದ್ರೆ ಶೀರ್ಷಿಕೆಯನ್ನ ಎಎಸ್‌ಎಸ್ ಅನ್ನೋ ಸಬ್‌ಟೈಟಲ್ ಫೈಲ್‌ನಲ್ಲಿ ಬರೆದು ಸಬ್‌ಟೈಟಲ್ ಫಿಲ್ಟರ್‌ನಿಂದ ಸುಡಿ, ಅಂದ್ರೆ ಚಿತ್ರದ ಮೇಲೇ ಅಚ್ಚು ಹಾಕಿ. ಅದರ ಹಿಂದಿರೋ ಲಿಬ್‌ಆಸ್ ಹಾರ್ಫ್‌ಬಝ್ ಬಳಸತ್ತೆ. ಫಾಂಟ್ ಹೆಸರು ನೋಟೋ ಸ್ಯಾನ್ಸ್ ಕನ್ನಡ ಅಂತ ನೀವೇ ಕೊಡಿ, ಅದರ ಆಯ್ಕೆಗೆ ಬಿಡಬೇಡಿ.

ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನ ಹಾಗೇ ತಂದು ಹಾಕೋರಿಗೂ ಇದೇ ಗೋಳು. ಅದು ನೋಡೋಕೆ ಮಾತ್ರ ಕನ್ನಡ, ಒಳಗೆ ಇರೋದು ಲ್ಯಾಟಿನ್ ಸಂಕೇತ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.

ವಿಂಡೋಸ್ ವಾಸಿ · 9:02

ವಿಂಡೋಸ್‌ನಲ್ಲಿ ಈ ಸಬ್‌ಟೈಟಲ್ ಫಿಲ್ಟರ್‌ಗೆ ‘ಸಿ ಕೋಲನ್’ ಇರೋ ಪೂರ್ತಿ ದಾರಿ ಕೊಟ್ರೆ ‘ಅನೇಬಲ್ ಟು ಪಾರ್ಸ್... ಆ್ಯಸ್ ಇಮೇಜ್ ಸೈಜ್’ ಅಂತ ಬೈತದೆ. ಸಬ್‌ಟೈಟಲ್‌ಗೂ ಚಿತ್ರದ ಗಾತ್ರಕ್ಕೂ ಏನು ಸಂಬಂಧ?

ಟರ್ಮಿನಲ್ ತಾತ · 9:30

ಫಿಲ್ಟರ್ ಭಾಷೆಯಲ್ಲಿ ಕೋಲನ್ ಅಂದ್ರೆ ‘ಮುಂದಿನ ಆಯ್ಕೆ’. ಹಾಗಾಗಿ ನಿನ್ನ ಫೈಲ್ ಹೆಸರು ಬರೀ ‘ಸಿ’, ಉಳಿದ ದಾರಿಯೆಲ್ಲ ಎರಡನೇ ಆಯ್ಕೆ. ಆ ಎರಡನೇ ಆಯ್ಕೆ ಮೂಲ ಚಿತ್ರದ ಗಾತ್ರ. ಕೋಲನ್ ತಪ್ಪಿಸೋ ಕಸರತ್ತು ಇದೆ, ಆದ್ರೆ ನನ್ನ ಕೇಳಿದ್ರೆ ಆ ಫೋಲ್ಡರ್‌ಗೇ ಹೋಗಿ ಬರೀ ಫೈಲ್ ಹೆಸರು ಕೊಡು. ಜೀವ ಸಣ್ಣದು.

ಬೈಗುಳದಲ್ಲಿ ಸುಳಿವು ಇದ್ದೇ ಇರತ್ತೆ ನೋಡಿ. ಜನ ಕೊನೆಯ ಸಾಲು ‘ಕನ್ವರ್ಷನ್ ಫೇಲ್ಡ್’ ಮಾತ್ರ ಇಲ್ಲಿ ತಂದು ಹಾಕ್ತಾರೆ. ಅದು ತೀರ್ಪು, ಸಾಕ್ಷಿ ಅಲ್ಲ. ಮೇಲಕ್ಕೆ ಹೋಗಿ ಮೊದಲ ಕೆಂಪು ಸಾಲು ಹಾಕಿ. ಹಾಗೇ, ಹಳೆಯ ಉತ್ತರಗಳ ತಾರೀಖು ನೋಡಿ. 2011ರಲ್ಲಿ ಎಫ್‌ಎಫ್‌ಎಂಪೆಗ್ ಬರೆಯೋರ ಗುಂಪು ಒಡೆದು ಲಿಬ್‌ಎವಿ ಅಂತ ಬೇರೆ ಸಂಸಾರ ಹೂಡಿದ್ರು, ಉಬುಂಟುವಿನಲ್ಲಿ ಕೆಲವು ವರ್ಷ ಅವರ ‘ಎವಿಕಾನ್ವ್’ ಇತ್ತು, ಉಬುಂಟು 15.04ರಲ್ಲಿ ಮತ್ತೆ ಎಫ್‌ಎಫ್‌ಎಂಪೆಗ್ ಬಂತು. ಆ ಕಾಲದ ಕಮಾಂಡ್‌ಗಳು ಇನ್ನೂ ಓಡಾಡ್ತಿವೆ. ಎಎಸಿ ಶಬ್ದಕ್ಕೆ ‘ಸ್ಟ್ರಿಕ್ಟ್ ಎಕ್ಸ್‌ಪೆರಿಮೆಂಟಲ್’ ಹಾಕಿ ಅನ್ನೋರು ಇದ್ದಾರೆ, 2016ರ 3.0 ಆವೃತ್ತಿಯಿಂದಲೇ ಅದು ಬೇಡ. ಫ್ರೇಮ್‌ಗಳ ಸಮಯ ಹೊಂದಿಸೋ ‘ವಿಸಿಂಕ್’ ಆಯ್ಕೆಯ ಜಾಗಕ್ಕೆ ‘ಎಫ್‌ಪಿಎಸ್ ಮೋಡ್’ ಬಂದಿದೆ.

ಹನುಮಂತನಗರದ ಮೊಮ್ಮಗ · ಮಂಗಳವಾರ ರಾತ್ರಿ 8:40

ಎಲ್ಲ ಸೇರಿಸಿದೆ, ಒತ್ತಕ್ಷರ ಮುತ್ತಿನಂಗೆ ಬಂದಿದೆ. ಆದ್ರೆ ಪೆನ್‌ಡ್ರೈವ್‌ಗೆ ಹೋಗ್ತಿಲ್ಲ, ಫೈಲ್ 6 ಜಿಬಿ, 32 ಜಿಬಿ ಪೆನ್‌ಡ್ರೈವ್ ಖಾಲಿಯೇ ಇದೆ. ಇನ್ನೊಂದು, ಲ್ಯಾಪ್‌ಟಾಪ್‌ನಿಂದ ಕೇಬಲ್ ಹಾಕಿ ಟಿವಿಯಲ್ಲಿ ನೋಡಿದ್ರೆ ಸರಿ ಇದೆ, ಸಣ್ಣ ತುಣುಕು ಮಾಡಿ ಟಿವಿಗೇ ಪೆನ್‌ಡ್ರೈವ್ ಸಿಕ್ಕಿಸಿದ್ರೆ ಮಾವನ ಭಾಗ ಪೂರ್ತಿ ಕಪ್ಪು, ಶಬ್ದ ಮಾತ್ರ.

ಎಡಿಟ್ ಅಕ್ಕ · 8:52

ಪೆನ್‌ಡ್ರೈವ್ ಎಫ್‌ಎಟಿ32 ಇರತ್ತೆ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟೋ ಹಾಗಿಲ್ಲ. ಗುಣಮಟ್ಟದ ಅಂಕಿ ಸಿಆರ್‌ಎಫ್ ಎಷ್ಟು ಕೊಟ್ರಿ? ಅದು ಕಮ್ಮಿ ಆದಷ್ಟೂ ಫೈಲ್ ದೊಡ್ಡದು.

ಹನುಮಂತನಗರದ ಮೊಮ್ಮಗ · 8:53

14. ಅಜ್ಜನ ವಿಡಿಯೋ ಅಲ್ವಾ ಅಂತ.

ಎಡಿಟ್ ಅಕ್ಕ · 8:55

3.4 ಜಿಬಿಯಿಂದ ಬಂದಿದ್ದಕ್ಕೆ 6 ಜಿಬಿ ಸುರಿದ್ರೆ ಇಲ್ಲದ ವಿವರ ಹುಟ್ಟಲ್ಲ. ಡೀಫಾಲ್ಟ್ 23, ನೀವು 20 ಹಾಕಿ. ಮಾವನ ಭಾಗ ಕಪ್ಪು ಅಂದ್ರೆ ತಾತ ಹೇಳಿದ್ದ ಪಿಕ್ಸೆಲ್ ಫಾರ್ಮ್ಯಾಟ್ ಮರೆತಿದ್ದೀರ. ಫೋನು 10 ಬಿಟ್‌ನಲ್ಲಿ ತೆಗೆದಿತ್ತು, ಎಚ್.264 ಬರೆಯೋ ಎಕ್ಸ್264 ಅದನ್ನ 10 ಬಿಟ್‌ನಲ್ಲೇ ಬರೆದಿದೆ. ಕಂಪ್ಯೂಟರ್ ಓದತ್ತೆ, ಎಷ್ಟೋ ಟಿವಿಗಳಿಗೆ 10 ಬಿಟ್‌ನ ಎಚ್.264 ಗೊತ್ತೇ ಇಲ್ಲ. ಸರಿಮಾಡಿದ ಮೇಲೆ ಬಣ್ಣ ಪೇಲವ ಕಂಡ್ರೆ ಅದು ಎಚ್‌ಡಿಆರ್ ಕಥೆ, ಟೋನ್‌ಮ್ಯಾಪ್ ಬೇಕು, ಅದಕ್ಕೆ ಬೇರೆ ಎಳೆ ಶುರುಮಾಡಿ.

ಹನುಮಂತನಗರದ ಮೊಮ್ಮಗ · ಬುಧವಾರ ರಾತ್ರಿ 9:30

ಟಿವಿಯಲ್ಲಿ ಓಡ್ತು. 3.1 ಜಿಬಿ. ಅಜ್ಜ ಪೂರ್ತಿ ಕೂತು ನೋಡಿದ್ರು. ಮುಗಿದ ಮೇಲೆ ಕೇಳಿದ್ದು ಒಂದೇ: ‘ಆಶೀರ್ವಾದ ಮಾಡುವಾಗ ನಿನ್ನ ದೊಡ್ಡ ಮಾವ ಅಡ್ಡ ನಿಂತಿದ್ದಾನಲ್ಲೋ, ಅವನನ್ನ ತೆಗೆಯೋಕಾಗಲ್ವಾ?’

ಟರ್ಮಿನಲ್ ತಾತ · 9:44

‘ಡಿಲೋಗೋ’ ಅಂತ ಒಂದು ಫಿಲ್ಟರ್ ಇದೆ, ಮೂಲೆಯಲ್ಲಿರೋ ಚಾನೆಲ್ ಚಿಹ್ನೆ ಅಳಿಸೋಕೆ. ಮಾವನ ಅಗಲ ಎಷ್ಟು ಪಿಕ್ಸೆಲ್?

ಹನುಮಂತನಗರದ ಮೊಮ್ಮಗ · 9:45

ಅರ್ಧ ಫ್ರೇಮ್.

ಟರ್ಮಿನಲ್ ತಾತ · 9:46

ಬಿಡು. ಹೋಳಿಗೆ ಶನಿವಾರದೊಳಗೆ ಬರಲಿ, ಶ್ರೀನಗರ ಬಸ್ ಸ್ಟ್ಯಾಂಡ್ ಹತ್ತಿರ ಬಂದು ಮೆಸೇಜ್ ಹಾಕು.